ಒಂದೇ ಡ್ರೈವರ್, ಮೂರು ಪರೀಕ್ಷೆ: ಯಾವುದರ ಕೈಗೆ ಏನು ಸಿಕ್ಕಿತು?

ಗಂಗಾವತಿಯ ಒಂದು ಅಕ್ಕಿ ಮಿಲ್‌ನ ಗೋದಾಮಿಗೆ ಗಾಳಿಯ ತೇವ ಅಳೆಯುವ ಪುಟ್ಟ ಬೋರ್ಡ್ ಮಾಡಿಕೊಟ್ಟೆ. ತೇವ ಜಾಸ್ತಿಯಾದರೆ ಒಣಗಿದ ಭತ್ತಕ್ಕೂ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಇದು. ಸೆನ್ಸರ್ ಎಸ್‌ಎಚ್‌ಟಿ31. ಅದು ಬೋರ್ಡಿನ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಜೊತೆ ಮಾತಾಡುವ ಎರಡು ತಂತಿಯ ದಾರಿ, ಅಂದರೆ ಬಸ್, ಐ2ಸಿ. ಸೆನ್ಸರ್‌ನಿಂದ ಅಂಕಿ ಓದುವ ಪ್ರೋಗ್ರಾಮ್, ಅಂದರೆ ಡ್ರೈವರ್, ಸಿ ಭಾಷೆಯಲ್ಲಿ ನಾನೇ ಬರೆದದ್ದು. ಅದನ್ನು ಮೂರು ಥರ ಪರೀಕ್ಷಿಸಿದೆ.

ಮೊದಲನೆಯದು ಲ್ಯಾಪ್‌ಟಾಪಿನಲ್ಲೇ ನಕಲಿ ಬಸ್. ಡ್ರೈವರ್ ಕೇಳಿದ್ದಕ್ಕೆ ನಾನು ಬರೆದಿಟ್ಟ ಬೈಟ್‌ಗಳೇ ಉತ್ತರ. ಬಿಇಇಎಫ್ ಅನ್ನುವ ಎರಡು ಬೈಟ್‌ಗೆ ಸಿಆರ್‌ಸಿ (ಬೈಟ್‌ಗಳು ದಾರಿಯಲ್ಲಿ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) 92 ಬರಬೇಕು ಅಂತ ಸೆನ್ಸರ್‌ನ ಡೇಟಾಶೀಟ್‌ನಲ್ಲೇ ಉದಾಹರಣೆ ಇದೆ; ಇವೆಲ್ಲ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ಅಂಕಿಗಳು. ನನ್ನದು ಬೇರೆ ಏನೋ ಹೇಳಿತು. ಆರಂಭದ ಮೌಲ್ಯ ಎಫ್‌ಎಫ್ ಇಡುವ ಬದಲು ಸೊನ್ನೆ ಇಟ್ಟಿದ್ದೆ. ಐದೇ ನಿಮಿಷದ ಕೆಲಸ.

ಎರಡನೆಯದು ಸಿಬಿಎಂಸಿ, ಸಿ ಕೋಡಿನ ತಪ್ಪು ಹುಡುಕುವ ಒಂದು ಸಾಫ್ಟ್‌ವೇರ್. ಇದು ಕೋಡನ್ನು ಓಡಿಸುವುದಿಲ್ಲ, ನಾವು ಕೊಟ್ಟ ಮಿತಿಯೊಳಗೆ ಎಲ್ಲ ಸಾಧ್ಯತೆಗಳನ್ನೂ ಗಣಿತದಿಂದ ಜಾಲಾಡುತ್ತದೆ. '20 ಮಿಲಿಸೆಕೆಂಡ್ ಆಗುವ ಮೊದಲು ಟೈಮ್‌ಔಟ್ ಕೊಡಬಾರದು', ಅಂದರೆ ಸೆನ್ಸರ್ ಉತ್ತರಿಸಲಿಲ್ಲ ಅಂತ ಕೈಬಿಡಬಾರದು, ಅಂತ ಒಂದು ಷರತ್ತು ಹಾಕಿದೆ. ತಕ್ಷಣ ತಪ್ಪು ತೋರಿಸಿತು: ಶುರುವಿನ ಸಮಯ 4294967290. ಅದಕ್ಕೆ 20 ಕೂಡಿಸಿದರೆ 32 ಬಿಟ್‌ನಲ್ಲಿ ಹಿಡಿಸದೆ, ಮತ್ತೆ ಸೊನ್ನೆಯಿಂದ ಸುತ್ತು ಹೊಡೆದು ಗಡುವು 14 ಆಗಿಬಿಡುತ್ತದೆ! ಮರುಕ್ಷಣವೇ 'ಸೆನ್ಸರ್ ಸತ್ತಿದೆ' ಅನ್ನುತ್ತದೆ ಡ್ರೈವರ್. ಮಿಲಿಸೆಕೆಂಡ್ ಎಣಿಕೆ ಅಲ್ಲಿಗೆ ಮುಟ್ಟಲು 49 ದಿನ ಬೇಕು. ಅಷ್ಟು ದಿನ ಮೇಜಿನ ಮೇಲಿಟ್ಟು ಯಾರು ಕಾಯ್ತಾರೆ? ಗಡುವಿಗೆ ಹೋಲಿಸುವುದನ್ನು ಬಿಟ್ಟು, ಈಗಿನ ಸಮಯದಿಂದ ಶುರುವಿನದನ್ನು ಕಳೆದು ನೋಡುವಂತೆ ಬದಲಿಸಿದೆ, ಸರಿಹೋಯಿತು. ಆದರೆ ಲೂಪ್‌ಗಳಿಗೆ ಮಿತಿ ಹೇಳಿ, ಹಾರ್ಡ್‌ವೇರ್ ಭಾಗವನ್ನು ಬೇರ್ಪಡಿಸಿ ಕೊಡುವಷ್ಟರಲ್ಲಿ ನನ್ನ ಎರಡು ಭಾನುವಾರ ಹೋದವು.

ಇಷ್ಟಾದ ಮೇಲೂ ಮಿಲ್‌ನಲ್ಲಿ ಬೋರ್ಡ್ ನಿಂತಿತು. ಅಲ್ಲಿನ ಆಪರೇಟರ್ ಅಂದರು, "ಸರ, ದೊಡ್ಡ ಮೋಟರ್ ಚಾಲೂ ಮಾಡಿದಾಗಷ್ಟ ಇದು ಬಂದ್ ಬೀಳ್ತೈತ್ರಿ." ಮೂರನೆಯ ಪರೀಕ್ಷೆ ಅಲ್ಲೇ: ತಂತಿಗಳ ಮೇಲಿನ ಸಂಕೇತಗಳನ್ನು ತೋರಿಸುವ ಲಾಜಿಕ್ ಅನಲೈಸರ್ ಹಚ್ಚಿ ಕೂತೆ. ಮೈತುಂಬ ತೌಡು. ಮೋಟಾರು ಎಳೆದಾಗ ವೋಲ್ಟೇಜ್ ಕುಸಿದು, ಓದುವ ನಡುವೆಯೇ ನನ್ನ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತಿತ್ತು. ಸೆನ್ಸರ್‌ಗೆ ಅದು ಗೊತ್ತೇ ಇಲ್ಲ. ಮುಂದಿನ ಕ್ಲಾಕ್ (ತಾಳ ಹಾಕುವ ಮಿಡಿತ) ಬರಲಿ ಅಂತ ಎಸ್‌ಡಿಎ ಅನ್ನುವ ಡೇಟಾ ತಂತಿಯನ್ನು ಕೆಳಗೆ, ಅಂದರೆ ಸೊನ್ನೆಯಲ್ಲಿ, ಹಿಡಿದು ಸುಮ್ನೆ ಕೂತಿತ್ತು. ಡ್ರೈವರ್ ಶುರುವಿನಲ್ಲೇ ಎಸ್‌ಸಿಎಲ್ ಅನ್ನುವ ಕ್ಲಾಕ್ ತಂತಿಯ ಮೇಲೆ 9 ಕ್ಲಾಕ್ ಬಡಿದು, ಒಂದು ಸ್ಟಾಪ್ (ಮಾತು ಮುಗಿಯಿತು ಅನ್ನುವ ಸಂಕೇತ) ಕೊಡುವಂತೆ ಮಾಡಿದೆ. ಬಿಟ್ಟಿತು.

ಅನಲೈಸರ್ ಇಲ್ಲದಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಆದರೂ ಒಂದನ್ನೇ ಆರಿಸಿಕೊ ಅಂದರೆ ನನ್ನ ಓಟು ನಕಲಿ ಬಸ್‌ಗೆ. ನಾನು ಹೇಳಿಕೊಟ್ಟ ತಪ್ಪುಗಳನ್ನಷ್ಟೇ ಅದು ಮಾಡುತ್ತದೆ, ನಿಜ. ಹೇಳಿಕೊಟ್ಟಿದ್ದನ್ನು ಮಾತ್ರ ಪ್ರತಿ ಸಲ ಕೋಡ್ ಬದಲಿಸಿದಾಗಲೂ ಮರೆಯದೆ ಮಾಡುತ್ತದೆ. ಸಿಬಿಎಂಸಿಯನ್ನು ಟೈಮ್‌ಔಟ್, ಬಫರ್‌ನಂಥ ಸಣ್ಣ ಫಂಕ್ಷನ್‌ಗಳಿಗಷ್ಟೇ ಬಳಸುತ್ತೇನೆ. ಮಿಲ್‌ನಿಂದ ಬಂದ ರಾತ್ರಿಯೇ ನಕಲಿ ಬಸ್‌ಗೆ ಇನ್ನೊಂದು ಪಾಠ ಸೇರಿಸಿದೆ: ಶುರುವಿನಲ್ಲೇ ಎಸ್‌ಡಿಎ ಕೆಳಗೆ ಹಿಡಿ, 9 ಕ್ಲಾಕ್ ಬರುವವರೆಗೂ ಬಿಡಬೇಡ.