ದಾರ ಎಳೆಯುವ ಸ್ವಿಚ್: ಸದ್ದು ಎಲ್ಲಿಂದ, ಸವೆತ ಎಲ್ಲಿ?

ಸೀಲಿಂಗ್‌ನಿಂದ ದಾರ ಇಳಿಬಿಟ್ಟ ಪುಲ್ ಸ್ವಿಚ್‌ಗಳು ಹೊರನೋಟಕ್ಕೆ ಎಲ್ಲವೂ ಒಂದೇ: ಬಿಳಿ ಪ್ಲಾಸ್ಟಿಕ್ ಡಬ್ಬಿ, ಕೆಳಗೊಂದು ತೂತು, ತೂತಿನಿಂದ ದಾರ. ವ್ಯತ್ಯಾಸ ಇರುವುದು ಒಳಗೆ. ಡಬ್ಬದ ಮೇಲಿನ ‘ಸೈಲೆಂಟ್’ ಎಂಬ ಮಾತನ್ನು ನೆಚ್ಚಿಕೊಳ್ಳದೆ ಕೈಯಲ್ಲಿ ಹಿಡಿದು ಎಳೆದು ನೋಡಿಯೇ ಕೊಳ್ಳಬೇಕಾದ ವಸ್ತು ಇದು.

ನಿಧಾನವಾಗಿ ಎಳೆದು ಬಿಟ್ಟರೆ ಸದ್ದು ಎರಡು ಸಲ ಬರುತ್ತದೆ. ಎಳೆದಾಗ ಹಲ್ಲುಚಕ್ರ ಒಂದು ಹಲ್ಲು ಮುಂದೆ ಹೋಗಿ ಕಾಂಟ್ಯಾಕ್ಟ್ (ಕರೆಂಟನ್ನು ಸೇರಿಸಿ ಕಡಿಯುವ ಲೋಹದ ತುಂಡು) ಬದಲಾಗುವ ‘ಟಿಕ್’. ಬಿಟ್ಟಾಗ ಸ್ಪ್ರಿಂಗ್ ಲಿವರನ್ನು ಹಿಂದಕ್ಕೆ ಸೆಳೆದು ಡಬ್ಬಿಗೆ ಬಡಿಸುವ ‘ಟಕ್’. ರಾತ್ರಿ ಪಕ್ಕದ ಕೋಣೆಯವರನ್ನು ಎಬ್ಬಿಸುವುದು ಹೆಚ್ಚಾಗಿ ಈ ಎರಡನೆಯದು. ದಾರ ಥಟ್ಟನೆ ಬಿಡದೆ ಕೈಯಲ್ಲೇ ಮೇಲಕ್ಕೆ ಹೋಗಗೊಟ್ಟರೆ ಅದು ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಮನೆಮಂದಿಗೆಲ್ಲ ಅದನ್ನು ಕಲಿಸುವುದಕ್ಕಿಂತ ಲಿವರ್ ತಂಗುವ ಜಾಗದಲ್ಲಿ ರಬ್ಬರ್ ತುಂಡು ಇರುವ ಸ್ವಿಚ್ ಕೊಳ್ಳುವುದು ಸುಲಭ.

ಕಾಂಟ್ಯಾಕ್ಟ್ ಚಿಮ್ಮಿ ಬೀಳುವ ಬಗೆಗಿಂತ, ಉರುಳೆಯೊಂದು ತಿರುಗುತ್ತಾ ಕಾಂಟ್ಯಾಕ್ಟನ್ನು ಮೆಲ್ಲಗೆ ಸೇರಿಸಿ ಬಿಡಿಸುವ ಬಗೆ ಮೆತ್ತಗಿರುತ್ತದೆ. ಕಾಂಟ್ಯಾಕ್ಟ್ ಹೀಗೆ ನಿಧಾನವಾಗಿ ಬಿಟ್ಟುಕೊಂಡರೆ ಕಿಡಿ ಹಾರಿ ಸುಡುವುದಿಲ್ಲವೇ? ಎಸಿ ಕರೆಂಟಿನಲ್ಲಿ ಆ ಭಯ ಕಡಿಮೆ. 50 ಹರ್ಟ್ಸ್‌ನಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ಅಲ್ಲೇ ಆರುತ್ತದೆ. ಸೋಲಾರ್ ಬ್ಯಾಟರಿಯ ಡಿಸಿ ದೀಪಕ್ಕೆ ಮಾತ್ರ ಇದು ಸಲ್ಲದು. ಅಲ್ಲಿ ಡಿಸಿ ರೇಟಿಂಗ್ ಇರುವ, ಚಿಮ್ಮುವ ಸ್ವಿಚ್ಚೇ ಬೇಕು, ಸದ್ದಾದರೂ ಸರಿ.

ಗಟ್ಟಿಯಿರಲಿ ಎಂದು ದೀಪಕ್ಕೆ ಗೀಸರಿನ 45 ಆಂಪಿಯರ್ ಸ್ವಿಚ್ ಹಾಕುವವರಿದ್ದಾರೆ. ಬೇಡ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಅದರ ಸ್ಪ್ರಿಂಗ್ ಬಿಗಿ, ಸದ್ದು ಗುದ್ದಿದಂತೆ. ದೀಪಕ್ಕೆ 6 ಅಥವಾ 10 ಆಂಪಿಯರ್ ಸಾಕು, ಆದರೆ ಅಂಕಿಯ ನಂತರ ‘ಎಎಕ್ಸ್’ (AX) ಇದೆಯೇ ನೋಡಿ. ಟ್ಯೂಬ್‌ಲೈಟ್‌ನಂಥ ಲೋಡಿಗೂ ಪರೀಕ್ಷೆಯಾಗಿದೆ ಎಂಬ ಗುರುತು ಅದು. ಎಲ್‌ಇಡಿ ಡ್ರೈವರ್‌ನ (ದೀಪಕ್ಕೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟಿನ) ಕೆಪಾಸಿಟರ್ ಹೊತ್ತಿಸಿದ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಸೆಳೆಯುತ್ತದೆ. ಒಂದೇ ಸ್ವಿಚ್‌ಗೆ ಏಳೆಂಟು ದೀಪ ಇದ್ದರೆ ಬಡಪಾಯಿ ಕಾಂಟ್ಯಾಕ್ಟ್ ಬೆಸೆದುಕೊಂಡು, ಎಷ್ಟು ಎಳೆದರೂ ದೀಪ ಆರುವುದಿಲ್ಲ.

ಇಷ್ಟಾದರೂ ಕಾಂಟ್ಯಾಕ್ಟ್‌ಗಿಂತ ಮೊದಲು ಸೋಲುವುದು ಸಾಮಾನ್ಯವಾಗಿ ದಾರ, ಅದೂ ತೂತಿನ ಅಂಚಿನಲ್ಲಿ. ಯಾರೂ ನೆಟ್ಟಗೆ ಕೆಳಕ್ಕೆ ಎಳೆಯುವುದಿಲ್ಲ. ಬಾಗಿಲಲ್ಲಿ ನಿಂತೇ ಓರೆಯಾಗಿ ಎಳೆಯುತ್ತಾರೆ. ಅಂಚು ಚೂಪಾಗಿದ್ದರೆ ದಾರ ಪ್ರತಿ ಸಲವೂ ಅದಕ್ಕೆ ತೀಡಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ತೂತು ಆಲಿಕೆಯಂತೆ ಅಗಲವಾಗಿ, ಬೆರಳಿಗೆ ನುಣುಪಾಗಿರಬೇಕು. ಕೊಳ್ಳುವಾಗ ಓರೆಯಾಗಿ ಎಳೆದು ನೋಡಿ: ಸಿಕ್ಕಿಕೊಂಡರೆ, ಬಿಟ್ಟ ಮೇಲೆ ಪೂರ್ತಿ ಮೇಲೇರದೆ ಜೋತುಬಿದ್ದರೆ, ಅಲ್ಲೇ ಬಿಟ್ಟುಬನ್ನಿ. ಬಚ್ಚಲಿಗೆ ನೈಲಾನ್ ಹೆಣಿಗೆಯ ದಾರವೇ ಒಳ್ಳೆಯದು, ಹತ್ತಿಯದು ತೇವ ಹೀರಿ ಕಪ್ಪಾಗುತ್ತದೆ.

ದಾರ ಬದಲಿಸಲು ಬರುತ್ತದೆಯೇ ಎಂಬುದನ್ನೂ ವಿಚಾರಿಸಿ. ಸ್ವಿಚ್‌ನಿಂದ ಸ್ವಲ್ಪ ಕೆಳಗೆ ತಿರುಪಿನ ಪುಟ್ಟ ಜೋಡಣೆ ಇದ್ದರೆ ಕೆಳಗಿನ ತುಂಡನ್ನು ಬಿಚ್ಚಿ ಹೊಸದನ್ನು ಗಂಟುಹಾಕಬಹುದು, ಡಬ್ಬಿ ತೆರೆಯಬೇಕಿಲ್ಲ. ಮೇಲಿನ ತುಂಡೇ ಹರಿದರೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ಮುಚ್ಚಳ ತೆಗೆದು ಲಿವರಿನ ತೂತಿಗೆ ಪೋಣಿಸಬೇಕು. ನೈಲಾನ್ ಗಂಟು ಜಾರುತ್ತದೆ. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ. ರಿವೆಟ್ ಹೊಡೆದು ಮುಚ್ಚಿದ ಸ್ವಿಚ್ಚಾದರೆ ದಾರದ ಜೊತೆಗೆ ಅದೂ ಕಸಕ್ಕೆ.

ಎಷ್ಟೇ ಒಳ್ಳೆಯ ಸ್ವಿಚ್ಚನ್ನೂ ಟೊಳ್ಳು ಜಿಪ್ಸಮ್ ಸೀಲಿಂಗಿಗೆ ನೇರ ಬಿಗಿದರೆ ಅದು ತಮಟೆಯಾಗುತ್ತದೆ. ಹಿಂದೆ ಮರದ ಪಟ್ಟಿ ಕೊಟ್ಟು, ನಡುವೆ 2–3 ಮಿ.ಮೀ. ರಬ್ಬರ್ ಹಾಳೆ ಇಟ್ಟು ಸ್ಕ್ರೂ ಹಾಕಿ. ಅತಿಯಾಗಿ ಬಿಗಿದರೆ ತಳ ಸೊಟ್ಟಗಾಗಿ ಹಲ್ಲುಚಕ್ರ ಹಿಡಿದುಕೊಳ್ಳುತ್ತದೆ. ದಾರದ ತುದಿಯ ಹಿತ್ತಾಳೆ ಗುಂಡು ಟೈಲ್ಸ್‌ಗೆ ಬಡಿದು ಮಾಡುವ ಟಣಟಣವನ್ನೂ ಸ್ವಿಚ್‌ನ ತಲೆಗೆ ಕಟ್ಟುವುದುಂಟು; ಮರದ ಗುಂಡು ಹಾಕಿದರೆ ಅದು ನಿಲ್ಲುತ್ತದೆ.