ಹಳೇ ಬಿದ್ರಿಯೋ, ಮೊಹರಮ್ಮಿನ ಅಲಮೋ?

ಮನೆಗೆ ಒಂದೇ ಹಳೇ ವಸ್ತು ಅಂದರೆ ಯಾವುದು, ಬಿದ್ರಿಯೋ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರಿನ ಕುಸುರಿ), ಅಲಮೋ (ಮೊಹರಮ್ ಮೆರವಣಿಗೆಯ ಲೋಹದ ಲಾಂಛನ) ಅಂತ ಕೇಳಿದ್ದೀರಿ.

ಬಾಳಿಕೆಗೆ ಹಿತ್ತಾಳೆ ಅಲಮು. ಅದು ಪ್ರವಾದಿಯ ಮೊಮ್ಮಗ ಹುಸೇನ್ ಮಡಿದ, ಕ್ರಿ.ಶ. 680ರ ಕರ್ಬಲಾ ಕಾಳಗದ ಬಾವುಟದ ನೆನಪು. ಮೆರವಣಿಗೆಯಲ್ಲಿ ಕೋಲಿನ ತುದಿಗೇರಲೆಂದೇ ಮಾಡಿದ್ದು, ಗಟ್ಟಿ. ಇರಾನಿನ ಕಜಾರ್ ರಾಜವಂಶದ ಕಾಲದ ಉಕ್ಕಿನ ಅಲಮಿನಲ್ಲಿ ಕೊರೆದ ಅಕ್ಷರಗಳ ಚೆಲುವೇ ಬೇರೆ. ಆದರೆ ಮಂಗಳೂರಿನಂಥ ಊರಲ್ಲಿ ತುಕ್ಕಿನ ಕಾಟ.

ಬಿದ್ರಿಯಲ್ಲಿ ಸತುವೇ ಜಾಸ್ತಿ. ಬಿದ್ದರೆ ಬಿರುಕು ಬಿಡಬಹುದು. ಹುಣಸೆಹಣ್ಣು ಹಾಕಿ ತಿಕ್ಕಲೇಬೇಡಿ! ಬೀದರ್ ಕೋಟೆಯ ಮಣ್ಣು ಕೊಟ್ಟ ಕಪ್ಪೇ ಹೋದರೆ ಬೆಳ್ಳಿ ಕುಸುರಿ ಎದ್ದು ಕಾಣೋದು ಹೇಗೆ, ಅಲ್ವಾ?

ಗಾಜಿನ ಕಪಾಟಿಗೆ ಬಿದ್ರಿ ಹುಕ್ಕಾ ಬುಡ, ಗೋಡೆಗೆ ಅಲಮು. ಅಲಮಾದರೆ ಆಶೂರಖಾನೆಯಿಂದ (ಮೊಹರಮ್ಮಿಗೆ ಅಲಮು ಇಡುವ ಜಾಗ) ಕದ್ದದ್ದಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ವಿದೇಶಕ್ಕೆ ಒಯ್ಯೋದಾದರೆ ಹೊಸ ಬಿದ್ರಿಯನ್ನೇ ಕೊಳ್ಳಿ. 100 ವರ್ಷ ದಾಟಿದ್ದನ್ನು ಖಾಸಗಿಯವರು ಹೊರಗೆ ಸಾಗಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.