ಬರ್ಕದ ಹರಿದ ಚಾಪೆ: ಎರಡು ಮಳೆಗಾಲ ಓದಿದ ಚಿತ್ರಪುಸ್ತಕ

ಕಾಡಿನ ಗಲಾಟೆ ನೆರೆಹೊರೆಯವರ ಕತೆ ಹೇಳುವ ಈ ಮಕ್ಕಳ ಪುಸ್ತಕ ನಮ್ಮ ಮನೆಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಈಗ ಆರು. ಮೂಡಿಗೆರೆ ಹತ್ತಿರ ಕಾಫಿ ತೋಟದೊಳಗಿನ ಮನೆ ನಮ್ಮದು. ಇವತ್ತಿಗೂ ವಾರಕ್ಕೆ ಎರಡು ಸಲವಾದರೂ ಓದಲೇಬೇಕು.

ಕತೆ ಸಣ್ಣದು. ಬರ್ಕ, ಅಂದರೆ ಜಿಂಕೆಯ ಹಾಗಿರುವ ಪುಟ್ಟ ಮೌಸ್ ಡಿಯರ್, ರಾತ್ರಿ ಮೇಯುವ ಪ್ರಾಣಿ ಅಲ್ವಾ, ಅದಕ್ಕೆ ಹಗಲು ನಿದ್ದೆ ಬೇಕು. ಪೊಟರೆಯ ಮೇಲೆ ಮರಕುಟಿಕ ಟಕಟಕ ಅನ್ನುತ್ತದೆ. ಚಾಪೆ ಸುತ್ತಿಕೊಂಡು ಬೇರೆ ಮರಕ್ಕೆ ಹೋದರೆ ಅಲ್ಲಿ ಕುಟ್ರು ಹಕ್ಕಿ. ಅದರಾಚೆ ಜೀರುಂಡೆ ಸಂಸಾರ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂಗುವವರೇ. ನಿಜಕ್ಕೆ ಕೂಗುವುದು ಗಂಡು ಜೀರುಂಡೆ ಮಾತ್ರ. ಆದರೆ ಆ ಅಜ್ಜಿಯ ಮುಖ ನೋಡಿದರೆ ಇದನ್ನು ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಮನೆ ಬದಲಿಸಿದಷ್ಟೂ ಚಾಪೆ ಹರಿಯುತ್ತಾ ಹೋಗಿ, ಕೊನೆಗೆ ಕರವಸ್ತ್ರದಷ್ಟು ಉಳಿಯುತ್ತದೆ. ಮಾತಿನಲ್ಲಿ ಇದು ಎಲ್ಲೂ ಇಲ್ಲ, ಬರೀ ಚಿತ್ರದಲ್ಲಿದೆ. ಮಗಳೇ ನನಗೆ ತೋರಿಸಿದ್ದು.

ನನಗೆ ತುಂಬಾ ಇಷ್ಟವಾದದ್ದು ಕೊನೆಗೆ ಸಿಗುವ ನಿಶ್ಶಬ್ದ ಜಾಗದ ಪುಟ. ಒಂದಕ್ಷರವೂ ಇಲ್ಲ. ಬರ್ಕದ ಕಿವಿ ನೆಟ್ಟಗೆ ನಿಂತಿದೆ. ಮೂಲೆಯ ಪೊದೆಯಲ್ಲಿ ಚಿರತೆಯ ಬಾಲದ ತುದಿ. ಬರ್ಕ ಅಂದರೆ ಸುಮಾರು 3 ಕೆಜಿ ತೂಗುವ ಪ್ರಾಣಿ, ಓಡದೆ ಇನ್ನೇನು ಮಾಡೀತು! ಮೊದಮೊದಲು ಮಗಳು ಈ ಪುಟ ಬಂದರೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ತೀರಾ ಚಿಕ್ಕ ಮಕ್ಕಳಿಗೆ ಓದುವವರು ಇದನ್ನು ನೆನಪಿಟ್ಟುಕೊಳ್ಳಿ.

ಹೋದ ಜೂನ್‌ನಲ್ಲಿ ಒಂದು ರಾತ್ರಿ ಮಳೆ ಬಿಟ್ಟಾಗ ಟಾರ್ಚ್ ಹಿಡಿದು ತೋಟದ ಹೊಂಡದ ಹತ್ತಿರ ಹೋದೆವು. ನಮ್ಮ ಹೆಜ್ಜೆ ಸದ್ದಿಗೆ ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು. "ಅಮ್ಮಾ, ಮಾತಿಲ್ಲದ ಪುಟ ಬಂತು" ಅಂತ ಪಿಸುಗುಟ್ಟಿದಳು. ಅಲ್ಲಾಡದೆ ನಿಂತೆವು. ಸ್ವಲ್ಪ ಹೊತ್ತಿಗೆ ಒಂದು ಕಪ್ಪೆ ಶುರು ಮಾಡಿತು. ಗಂಟಲು ಬಲೂನಿನ ಹಾಗೆ ಉಬ್ಬಿತ್ತು, ಬಾಯಿ ಮಾತ್ರ ಮುಚ್ಚಿತ್ತು. ಪುಸ್ತಕದಲ್ಲಿ ಕಪ್ಪೆ ಬಾಯಿ ಅಗಲಿಸಿ ಕೂಗುತ್ತದೆ. ಮನೆಗೆ ಬಂದವಳೇ ಪೆನ್ಸಿಲ್‌ನಲ್ಲಿ ಆ ಬಾಯಿಗೆ ಗೆರೆ ಎಳೆದು ಮುಚ್ಚಿದಳು. ಮುಂದಿನ ಮುದ್ರಣದಲ್ಲಿ ಇದನ್ನು ಸರಿಮಾಡಲಿ ಅಂತ ನನಗೂ ಆಸೆ.

ಬೈಂಡಿಂಗ್ ಮಲೆನಾಡಿಗೆ ಹೇಳಿಸಿದ್ದಲ್ಲ. ನಡುವೆ ಎರಡು ಪಿನ್ ಹೊಡೆದಿದ್ದಾರೆ ಅಷ್ಟೇ. ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದು ಬರ್ಕದ ಬೆನ್ನ ಮೇಲೆ ಕಂದು ಕಲೆ ಇಳಿಯಿತು. ನುಣುಪು ಕಾಗದ ಬೇರೆ, ಥಂಡಿಗೆ ಹಾಳೆಗಳು ಅಂಟಿಕೊಂಡವು. ಬಿಡಿಸುವಾಗ ಮರಕುಟಿಕದ ಬಾಲ ಕಿತ್ತುಬಂತು. ಆಮೇಲೆ ಪಿನ್ ತೆಗೆದು ದಪ್ಪ ದಾರದಲ್ಲಿ ಹೊಲಿದೆ. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಎರಡನೇ ವರ್ಷ ಬೂಷ್ಟು ಹಿಡಿಯಲಿಲ್ಲ.

ಹಾಸನದಲ್ಲಿರುವ ತಂಗಿಯ ಮಗನಿಗೆ ಈ ತಿಂಗಳು ನಾಲ್ಕು ತುಂಬುತ್ತದೆ. ಅವನಿಗೂ ಒಂದು ಪ್ರತಿ ತರಿಸಿದ್ದೇನೆ. ಪಿನ್ ಕಿತ್ತು ಹೊಲಿದೇ ಕೊಡುತ್ತೇನೆ. ಕಪ್ಪೆಯ ಬಾಯಿ ಮುಚ್ಚಲು ಮಗಳು ಆಗಲೇ ಪೆನ್ಸಿಲ್ ಹುಡುಕುತ್ತಿದ್ದಾಳೆ.